ಕಾಲು ಬಿಟ್ಟವನು

ನಿಮ್ಮ ಆಫೀಸಲ್ಲಿ ಒಬ್ಬ ಇರ್ತಾನೆ. ಅವನು ಏನು ಕೆಲಸ ಮಾಡ್ತಾನೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲ್ಲ. ಎಲ್ಲ ಚೆನ್ನಾಗಿ ನಡೀತಿದ್ದಾಗ ಅವನ ಹೆಸರು ಯಾವ ಮೀಟಿಂಗಲ್ಲೂ ಬರಲ್ಲ. ಏನಾದ್ರೂ ಕೆಟ್ಟ ದಿನ ಮಾತ್ರ, ಮೂವತ್ತು ಜನ ಇರೋ ಕಾಲ್‌ನಲ್ಲಿ ಎಲ್ರೂ ಅವನ ಹೆಸರನ್ನೇ ಕೂಗ್ತಾರೆ. ನಮ್ಮ ಆಫೀಸಲ್ಲಿ ಆ ಮನುಷ್ಯ ನಾನು.

ನನ್ನದು ಪ್ರೊಡಕ್ಷನ್ ಸಪೋರ್ಟ್ ಕೆಲಸ. ಸರ್ವರ್ ಬೀಳದ ಹಾಗೆ ನೋಡ್ಕೊಳ್ಳೋದು, ಬಿದ್ರೆ ಎತ್ತೋದು. ಹೊಸ ಆ್ಯಪ್ ಮಾಡೋರು ಬೇರೆ, ಅದನ್ನ ಮಾರೋರು ಬೇರೆ. ನಾವು ರಾತ್ರಿ ಫೋನ್ ದಿಂಬಿನ ಪಕ್ಕ ಇಟ್ಕೊಂಡು ಮಲಗೋರು. ಮೂರೂವರೆ ವರ್ಷದಿಂದ ಇದೇ ಕೆಲಸ. ಈ ಮೂರೂವರೆ ವರ್ಷದಲ್ಲಿ ನನ್ನ ಪಾಳಿಯಲ್ಲಿ ದೊಡ್ಡ ಅವಘಡ ಒಂದೂ ಆಗಿರಲಿಲ್ಲ. ಎರಡು ತಿಂಗಳ ಹಿಂದೆ ಆಯ್ತು.

ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಒಂದು ಬದಲಾವಣೆ ಹಾಕ್ಬೇಕಿತ್ತು. ಹಾಕೋ ಮುಂಚೆ ಒಂದು ಸೆಟ್ಟಿಂಗ್ ನೋಡ್ಕೋಬೇಕು. ನೋಡ್ಲಿಲ್ಲ. ಮರೆತೆ ಅನ್ನೋದಕ್ಕಿಂತ, ಇಷ್ಟು ಸಲ ಸರಿಯಾಗೇ ಇತ್ತಲ್ಲ ಅಂತ ಬಿಟ್ಟೆ. 41 ನಿಮಿಷ ನಮ್ಮ ಗ್ರಾಹಕರ್ಯಾರಿಗೂ ಪೇಮೆಂಟ್ ಆಗಲಿಲ್ಲ. ಸೋಮವಾರದಿಂದ ನನ್ನ ಹೆಸರು ಅಂದ್ರೆ ಆ 41 ನಿಮಿಷ. ಲಿಫ್ಟಲ್ಲಿ ಸಿಕ್ಕ, ಹಿಂದೆ ಮುಂದೆ ಪರಿಚಯ ಇಲ್ಲದ ಹುಡುಗ ಕೂಡ "ಓ, ಅದು ನೀವಾ?" ಅಂದ. ಅಪ್ರೈಸಲ್ ಮಾತುಕತೆ ಅರ್ಧ ಗಂಟೆ ನಡೀತು, ಅರ್ಧ ಗಂಟೆಯೂ ಅದೇ ವಿಷಯ.

ಒಂದು ಮೇಲ್ ಬರೆದೆ. ನನ್ನನ್ನ ಈ ಪಾಳಿಯಿಂದ ತೆಗೆದು ಬೇರೆ ಟೀಮ್‌ಗೆ ಹಾಕಿ, ಇನ್ನು ಮುಂದೆ ಪ್ರೊಡಕ್ಷನ್‌ಗೆ ಕೈ ಹಾಕಲ್ಲ ಅಂತ. ಕಳಿಸಲಿಲ್ಲ, ಡ್ರಾಫ್ಟಲ್ಲೇ ಇಟ್ಟೆ. ಶನಿವಾರ ಬೆಳಿಗ್ಗೆ ರೈಲು ಹತ್ತಿ ಪಾಂಡವಪುರದಲ್ಲಿ ಇಳಿದೆ. ಅಮ್ಮನ ಕೈಯ ಮುದ್ದೆ ಉಂಡು, ಮನಸ್ಸು ಸ್ವಲ್ಪ ತಿಳಿಯಾದ ಮೇಲೆ ಕಳಿಸಿದರಾಯ್ತು ಅಂತ.

ಮನಸ್ಸು ಎಲ್ಲಿ ತಿಳಿಯಾಗುತ್ತೆ? ರಾತ್ರಿ ನಿದ್ದೆ ಬರಲಿಲ್ಲ. ಫೋನ್ ಹಿಡ್ಕೊಂಡು ಹಳೇ ಫುಟ್‌ಬಾಲ್ ವಿಡಿಯೊ ನೋಡ್ತಾ ಮಲಗಿದ್ದೆ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳ್ಬೇಕು. 2017ರ ನವೆಂಬರ್ 19ರಂದು ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ನಲ್ಲಿ ತನ್ನ ಮೊದಲನೇ ಪಂದ್ಯ ಆಡ್ತು, ಕಂಠೀರವದಲ್ಲಿ, ಮುಂಬೈ ಸಿಟಿ ವಿರುದ್ಧ. 2–0 ಗೆದ್ರು. ಒಂದು ಗೋಲು ಸುನಿಲ್ ಛೆಟ್ರಿಯದ್ದು. ನಾನು ಕೆಲಸಕ್ಕೆ ಸೇರಿದ ಹೊಸತು, ರೂಮ್‌ಮೇಟ್‌ಗಳ ಜೊತೆ ಹೋಗಿ ಗಂಟಲು ಹರಿಯೋ ಹಾಗೆ ಕೂಗಿ ಬಂದಿದ್ದೆ. ಆ ಸೀಸನ್‌ನಲ್ಲಿ ಮುಂಬೈ ತಂಡದಲ್ಲಿ ಲೂಸಿಯನ್ ಗೋಯನ್ ಅಂತ ರೊಮೇನಿಯಾದ ಡಿಫೆಂಡರ್ ಒಬ್ಬ ಇದ್ದ. ಸುಚಾವ ಅನ್ನೋ ಊರಿನವನು, 1983ರಲ್ಲಿ ಹುಟ್ಟಿದವನು. ಆಮೇಲೆ ಚೆನ್ನೈಯಿನ್‌ಗೆ ಹೋಗಿ ಅಲ್ಲಿ ಕ್ಯಾಪ್ಟನ್ ಆದ.

2020ರ ಸೆಮಿಫೈನಲ್‌ನಲ್ಲಿ ಅವನಿಗೆ ಒಂದು ವಿಚಿತ್ರ ಆಯ್ತು. ಗೋವಾ ವಿರುದ್ಧ ಎರಡು ಪಂದ್ಯ. ಚೆನ್ನೈನಲ್ಲಿ ನಡೆದ ಮೊದಲನೇದರಲ್ಲಿ ತಂಡಕ್ಕೆ ಮೊದಲ ಗೋಲು ಹೊಡೆದವನು ಗೋಯನ್. ಒಂದು ವಾರ ಬಿಟ್ಟು ಗೋವಾದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಮೊದಲ ಗೋಲೂ ಗೋಯನ್‌ದೇ, ಆದ್ರೆ ತನ್ನದೇ ಗೋಲಿಗೆ! ಪುಣ್ಯಕ್ಕೆ ಎರಡೂ ಪಂದ್ಯ ಸೇರಿ ಲೆಕ್ಕ 6–5 ಆಗಿ ಚೆನ್ನೈಯಿನ್ ಫೈನಲ್‌ಗೆ ಹೋಯ್ತು. ಒಂದು ಗೋಲು ಆಚೀಚೆ ಆಗಿದ್ರೆ ಅವನಿಗೆ ಅಂಟ್ಕೋತಿದ್ದ ಹೆಸರೇ ಬೇರೆ.

ಇದನ್ನ ಹುಡುಕ್ತಾ ಹುಡುಕ್ತಾ ರೊಮೇನಿಯಾದ ಇನ್ನೊಬ್ಬ ಡಿಫೆಂಡರ್ ಸಿಕ್ಕ. ಮಿಯೊಡ್ರಾಗ್ ಬೆಲೊಡೆಡಿಚ್. ಹೆಸರು ನಾಲಿಗೆಗೆ ಸ್ವಲ್ಪ ಕಷ್ಟ, ತಾಳ್ಮೆ ಇರಲಿ. ಆ ವಿಡಿಯೊದಲ್ಲಿ ಇದ್ದದ್ದು ಒಂದೇ ದೃಶ್ಯ. 1994ರ ವರ್ಲ್ಡ್ ಕಪ್ ಕ್ವಾರ್ಟರ್ ಫೈನಲ್, ಪೆನಾಲ್ಟಿ ಶೂಟೌಟ್. ಉದ್ದನೆಯ ಮನುಷ್ಯ ಒಬ್ಬ ಓಡಿ ಬರ್ತಾನೆ, ಒದೀತಾನೆ, ಸ್ವೀಡನ್‌ನ ಗೋಲ್‌ಕೀಪರ್ ರಾವೆಲ್ಲಿ ತಡೀತಾನೆ. ರೊಮೇನಿಯಾ ಔಟ್. ಕೆಲವೇ ಸೆಕೆಂಡು. ನಾನು ಅದನ್ನ ನಾಲ್ಕು ಸಲ ನೋಡಿದೆ. ಆಮೇಲೆ ಬೆಳಗಿನ ಜಾವದ ತನಕ ಅವನ ಬಗ್ಗೆ ಓದ್ತಾ ಕೂತೆ.

ಮಾರನೇ ದಿನ ಭಾನುವಾರ. ಶ್ರೀರಂಗಪಟ್ಟಣದಲ್ಲಿ ಸಂಬಂಧಿಕರ ಮನೆಯ ಬೀಗರೂಟ. ಮಂಡ್ಯ ಕಡೆಯವರಿಗೆ ಬೀಗರೂಟ ಅಂದ್ರೆ ಏನು ಅಂತ ಹೇಳೋದೇ ಬೇಡ, ಮದುವೆ ತಪ್ಪಿಸ್ಕೊಂಡ್ರೂ ಕ್ಷಮೆ ಇದೆ, ಬೀಗರೂಟ ತಪ್ಪಿಸ್ಕೊಂಡ್ರೆ ಇಲ್ಲ. ಕೆ.ಆರ್.ಪೇಟೆ ಹತ್ತಿರದ ಹಳ್ಳಿಯಿಂದ ನನ್ನ ಸೋದರಮಾವ ಬೈಕಲ್ಲಿ ಬಂದ್ರು. "ಹತ್ಲಾ ಮಗ, ಲೇಟಾದ್ರೆ ಬರೀ ಸಾರು ಸಿಗ್ತದೆ" ಅಂದ್ರು. ಹಿಂದೆ ಹತ್ತಿದೆ.

ಮಾವನ ಬಗ್ಗೆ ನಿಮಗೆ ಒಂದು ಮಾತು ಹೇಳ್ಬೇಕು. ಅವರು ಒಂದು ಕಾಲದಲ್ಲಿ ಕಬಡ್ಡಿ ಆಟಗಾರರು. ಲೆಫ್ಟ್ ಕಾರ್ನರ್. ಅಂದ್ರೆ ಎಡ ಮೂಲೆಯಲ್ಲಿ ನಿಂತು, ಒಳಗೆ ಬಂದ ರೈಡರ್‌ನ ಕಾಲಿನ ಹಿಮ್ಮಡಿ ಗಂಟು ಹಿಡಿಯೋ ಕೆಲಸ. ಕೆ.ಆರ್.ಪೇಟೆ, ಪಾಂಡವಪುರ, ನಾಗಮಂಗಲ ಕಡೆ ಹಬ್ಬಕ್ಕೆ, ಜಾತ್ರೆಗೆ ಹೊನಲು ಬೆಳಕಿನ ಪಂದ್ಯಗಳು ಆಗ್ತಾ ಇದ್ವು. ಈಗಿನ ಹಾಗೆ ಮ್ಯಾಟ್ ಇಲ್ಲ, ಮಣ್ಣಿನ ಅಂಗಳ. ಸುಣ್ಣದ ಗೆರೆ, ನಾಲ್ಕು ಕಂಬಕ್ಕೆ ಲೈಟು, ಸುತ್ತ ಜನ. ಮಾವ ಹತ್ತು ವರ್ಷ ಆಡಿದ್ರು. ನಾನು ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಒಂದೆರಡು ನೋಡಿದ ನೆನಪಿದೆ.

ಆದ್ರೆ ಈಗ ಆ ಕಡೆ ಯಾರನ್ನ ಕೇಳಿದ್ರೂ ಮಾವನ ಕಬಡ್ಡಿ ಅಂದ್ರೆ ಒಂದೇ ಕಥೆ. ನಾಗಮಂಗಲ ತಾಲ್ಲೂಕಿನ ಒಂದು ಊರಲ್ಲಿ ಫೈನಲ್. ಎರಡೂ ಕಡೆ 27 ಪಾಯಿಂಟ್, ಕೊನೇ ರೈಡು. ಮಾವನ ಕೈಗೆ ರೈಡರ್‌ನ ಕಾಲು ಸಿಕ್ತು. ಹಿಡಿದ್ರು. ಅವನು ಎಳೆದ. ಕೈ ಜಾರ್ತು. ಅವನು ಮಧ್ಯದ ಗೆರೆ ಮೇಲೆ ಬಿದ್ದ. 28–27. ಅವತ್ತಿಂದ ಮಾವನ ಹೆಸರು "ಕಾಲ್ ಬುಟ್ಟೋನು". ಇಪ್ಪತ್ತು ವರ್ಷದ ಮೇಲಾಯ್ತು.

ಬೀಗರೂಟದಲ್ಲೂ ಅದೇ ಆಯ್ತು. ಎಲೆ ಮುಂದೆ ಕೂತಿದ್ದೀವಿ, ಬಡಿಸ್ತಿದ್ದ ಒಬ್ಬ ಹಿರಿಯರು ಮಾವನನ್ನ ನೋಡಿ, "ಏ, ಇವ್ರಿಗೆ ಕಾಲ್ ಸೂಪ್ ಜಾಸ್ತಿ ಹಾಕ್ರಪ್ಪ, ಕಾಲ್ ಅಂದ್ರೆ ಇವ್ರಿಗೆ ಆಗಕ್ಕಿಲ್ಲ, ಬುಟ್ಬುಡ್ತಾರೆ!" ಅಂದ್ರು. ಸಾಲಿಗೆ ಸಾಲೇ ನಕ್ತು. ಮಾವನೂ ನಕ್ರು. ನಾನೂ ಇಷ್ಟು ವರ್ಷ ಇಂಥ ಮಾತಿಗೆ ನಕ್ಕವನೇ. ಅವತ್ತು ನಗು ಬರಲಿಲ್ಲ. ಲಿಫ್ಟಲ್ಲಿ ಸಿಕ್ಕ ಹುಡುಗನ "ಓ, ಅದು ನೀವಾ?" ನೆನಪಾಯ್ತು.

ಊಟ ಆದ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೋಟೆ ಕಡೆ ಹೋದ್ವಿ. ಹೊಟ್ಟೆ ಭಾರ, ಬಿಸಿಲು ಇಳಿದಿತ್ತು. ಪಶ್ಚಿಮದ ಕಡೆ ಕೋಟೆ ಗೋಡೆ ಮೇಲೆ ಕಾವೇರಿಗೆ ಮುಖ ಮಾಡಿ ಕೂತ್ವಿ. ಆ ಕಡೇನೇ 1799ರಲ್ಲಿ ಬ್ರಿಟಿಷರು ಫಿರಂಗಿ ಹೊಡೆದು ಗೋಡೆ ಒಡೆದದ್ದು. ಮೇ 4ರ ಮಧ್ಯಾಹ್ನ ಅಲ್ಲಿಂದ ಒಳಗೆ ನುಗ್ಗಿದ್ರು, ಅವತ್ತೇ ಟಿಪ್ಪು ಸತ್ತದ್ದು. ಹತ್ತಿರದಲ್ಲಿ ಒಂದು ಸ್ಮಾರಕದ ಕಂಬ ಇದೆ, ಆ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯ ಅಧಿಕಾರಿಗಳ ನೆನಪಿಗೆ. 1792ರಲ್ಲೂ ಇದೇ ಕೋಟೆಗೆ ಮುತ್ತಿಗೆ ಆಗಿತ್ತು. ಅವತ್ತು ಗೋಡೆ ಬೀಳಲಿಲ್ಲ, ಯುದ್ಧ ಒಪ್ಪಂದದಲ್ಲಿ ಮುಗೀತು. ಬೀಳದೇ ಇದ್ದ ಗೋಡೆ ನೋಡೋಕೆ ಯಾವ ಟೂರಿಸ್ಟ್ ಬಸ್ಸೂ ನಿಲ್ಲಲ್ಲ.

"ಯಾಕ್ಲಾ ಮಂಕಾಗಿದೀಯಾ? ಬೆಂಗ್ಳೂರಲ್ಲಿ ಏನಾರಾ ಆಯ್ತಾ?" ಮಾವ ಕೇಳಿದ್ರು.

ಹೇಳಿದೆ. 41 ನಿಮಿಷ, ಅಪ್ರೈಸಲ್, ಡ್ರಾಫ್ಟಲ್ಲಿರೋ ಮೇಲ್, ಎಲ್ಲ. ಸರ್ವರ್ ಅಂದ್ರೆ ಏನು ಅಂತ ಅವರಿಗೆ ಪೂರ್ತಿ ಅರ್ಥ ಆಗಿರಲಿಕ್ಕಿಲ್ಲ. ಆದ್ರೆ ವಿಷಯ ಅರ್ಥ ಆಯ್ತು ಅಂತ ಅವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಸುಮ್ನೆ ಕೂತಿದ್ರು. ಆ ಮೌನ ಮುರಿಯೋಕೆ ನಾನು ರಾತ್ರಿ ಓದಿದ ಬೆಲೊಡೆಡಿಚ್ ಕಥೆ ಶುರು ಮಾಡಿದೆ. ಫೋನಲ್ಲಿ ಪೆನಾಲ್ಟಿಯ ವಿಡಿಯೊ ತೋರಿಸಿದೆ.

"ಪಾಪ" ಅಂದ್ರು ಮಾವ. "ಯಾರಿವ್ನು?"

ನಿಮಗೂ ಹೇಳ್ತೀನಿ.

ಬೆಲೊಡೆಡಿಚ್ ಹುಟ್ಟಿದ್ದು 1964ರಲ್ಲಿ, ಸೊಕೊಲ್ ಅನ್ನೋ ಹಳ್ಳಿಯಲ್ಲಿ. ರೊಮೇನಿಯಾದ ಗಡಿ ಹಳ್ಳಿ ಅದು. ಆಚೆ ಕಡೆ ಆಗಿನ ಯುಗೊಸ್ಲಾವಿಯ, ಈಗಿನ ಸರ್ಬಿಯಾ. ಅವನ ಮನೆ ಮಾತು ಸರ್ಬಿಯನ್, ಓದಿದ್ದು ಬೆಳೆದದ್ದು ರೊಮೇನಿಯಾದಲ್ಲಿ. ನಮ್ಮ ಕಾಸರಗೋಡು, ಹೊಸೂರು ಕಡೆಯ ಕನ್ನಡದವರಿಗೆ ಇಂಥ ಬದುಕು ಹೇಗಿರುತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಅವನು ಆಡ್ತಿದ್ದ ಜಾಗಕ್ಕೆ ಲಿಬೆರೊ ಅಂತಾರೆ, ಸ್ವೀಪರ್ ಅಂತಲೂ ಅಂತಾರೆ. ಉಳಿದ ಡಿಫೆಂಡರ್‌ಗಳು ಎದುರಾಳಿಯ ಒಬ್ಬೊಬ್ಬನನ್ನ ಹಿಡ್ಕೊಂಡು ಆಡ್ತಾರೆ. ಲಿಬೆರೊ ಯಾರನ್ನೂ ಹಿಡ್ಕೊಳ್ಳಲ್ಲ, ಎಲ್ಲರ ಹಿಂದೆ ಖಾಲಿ ನಿಂತಿರ್ತಾನೆ. ಯಾರು ತಪ್ಪಿಸಿಕೊಂಡು ಬಂದ್ರೂ ಕೊನೆಗೆ ಸಿಗೋದು ಅವನಿಗೆ. ಅವನ ಹಿಂದೆ ಗೋಲ್‌ಕೀಪರ್ ಬಿಟ್ರೆ ಯಾರೂ ಇಲ್ಲ. ಬೆಲೊಡೆಡಿಚ್ ಇದನ್ನ ಬಡಿದಾಡದೆ, ಮೈ ಮೇಲೆ ಬೀಳದೆ, ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಆಡ್ತಿದ್ದ. ಅದಕ್ಕೇ ಅವನಿಗೆ ಜಿಂಕೆ ಅಂತ ಅಡ್ಡಹೆಸರು.

ಅವನು ಸೇರಿದ್ದು ಸ್ಟಿಯಾವಾ ಬುಕಾರೆಸ್ಟ್ ಅನ್ನೋ ಕ್ಲಬ್. ಅದು ಅಲ್ಲಿನ ಸೈನ್ಯದ ಕ್ಲಬ್. 1986ರ ಮೇ 7ರಂದು ಸ್ಪೇನಿನ ಸೆವಿಲ್ಲೆಯಲ್ಲಿ ಯುರೋಪಿಯನ್ ಕಪ್ ಫೈನಲ್, ಅಂದ್ರೆ ಈಗಿನ ಚಾಂಪಿಯನ್ಸ್ ಲೀಗ್ ಫೈನಲ್. ಎದುರಿಗೆ ಬಾರ್ಸಿಲೋನಾ, ಅದೂ ಅವರದ್ದೇ ದೇಶದಲ್ಲಿ. ಎಕ್ಸ್‌ಟ್ರಾ ಟೈಮ್ ಸೇರಿ 120 ನಿಮಿಷ, ಸ್ಕೋರ್ 0–0. ಪೆನಾಲ್ಟಿಯಲ್ಲಿ ಸ್ಟಿಯಾವಾದ ಗೋಲ್‌ಕೀಪರ್ ಡುಕಾಡಾಮ್ ಬಾರ್ಸಿಲೋನಾದ ನಾಲ್ಕಕ್ಕೆ ನಾಲ್ಕೂ ಒದೆತ ತಡೆದ. ಕಪ್ ಸ್ಟಿಯಾವಾಗೆ. ಪೂರ್ವ ಯುರೋಪಿನ ಕ್ಲಬ್ ಒಂದು ಆ ಕಪ್ ಗೆದ್ದದ್ದು ಅದೇ ಮೊದಲು. ಇವತ್ತಿಗೂ ಆ ಫೈನಲ್ ಅಂದ್ರೆ ಡುಕಾಡಾಮ್. ಸರಿಯೇ ಅದು. ಆದ್ರೆ ಅದಕ್ಕೆ ಮುಂಚೆ 120 ನಿಮಿಷ ಬಾರ್ಸಿಲೋನಾಗೆ ಒಂದೂ ಗೋಲು ಹೊಡೆಯೋಕೆ ಬಿಡದೆ ಹಿಂದೆ ನಿಂತವರಲ್ಲಿ 22 ತುಂಬುವ ಹೊತ್ತಿನ ಈ ಹುಡುಗ ಇದ್ದ.

ಆಮೇಲೆ ಸ್ಟಿಯಾವಾ ತನ್ನ ದೇಶದ ಲೀಗ್‌ನಲ್ಲಿ 1986ರಿಂದ 1989ರ ತನಕ ಸತತ 104 ಪಂದ್ಯ ಸೋಲದೆ ಆಡ್ತು. ಅಷ್ಟು ಒಳ್ಳೇ ಕಾಲದಲ್ಲಿ, 1988ರ ಕೊನೆಯಲ್ಲಿ, ಬೆಲೊಡೆಡಿಚ್ ಗಡಿ ದಾಟಿ ಯುಗೊಸ್ಲಾವಿಯಕ್ಕೆ ಹೋದವನು ವಾಪಸ್ ಬರಲಿಲ್ಲ. ರೊಮೇನಿಯಾದಲ್ಲಿ ಆಗ ಚೌಷೆಸ್ಕು ಆಳ್ವಿಕೆ. ದೇಶ ಬಿಟ್ಟು ಹೋಗೋದು ಅಪರಾಧ, ಅದರಲ್ಲೂ ಸೈನ್ಯದ ಕ್ಲಬ್‌ನ ಆಟಗಾರ. ಅವನಿಲ್ಲದೆಯೇ ವಿಚಾರಣೆ ನಡೆಸಿ, ದೇಶದ್ರೋಹ ಅಂತ 10 ವರ್ಷ ಜೈಲು ಶಿಕ್ಷೆ ಕೊಟ್ರು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಒಂದು ವರ್ಷ ಆಡಬಾರದು ಅಂತ ನಿಷೇಧ ಹಾಕ್ತು.

ಸ್ಟಿಯಾವಾ 1989ರ ಮೇನಲ್ಲಿ ಮತ್ತೆ ಅದೇ ಕಪ್ಪಿನ ಫೈನಲ್‌ಗೆ ಬಂತು, ಎ.ಸಿ. ಮಿಲಾನ್ ಎದುರು. ಈ ಸಲ ಹಿಂದೆ ಜಿಂಕೆ ಇಲ್ಲ. ಸ್ಕೋರ್ 4–0, ಮಿಲಾನ್ ಕಡೆಗೆ. ಮಿಲಾನ್ ಆಗ ಯಾರ ಮೇಲಾದ್ರೂ ನಾಲ್ಕು ಹೊಡೆಯೋ ತಂಡ ಅನ್ನೋದೂ ನಿಜ. ಆದ್ರೂ ಎರಡು ಫೈನಲ್ ಪಕ್ಕ ಪಕ್ಕ ಇಟ್ಟು ನೋಡಿ.

ಇಷ್ಟು ಹೇಳುವಾಗ ಮಾವ ಒಂದು ಪ್ರಶ್ನೆ ಕೇಳಿದ್ರು. "ಜೈಲ್ಗೆ ಹೋದ್ನಾ?"

ಹೋಗಲಿಲ್ಲ. 1989ರ ಡಿಸೆಂಬರ್‌ನಲ್ಲಿ ರೊಮೇನಿಯಾದಲ್ಲಿ ಕ್ರಾಂತಿ ಆಯ್ತು. ಡಿಸೆಂಬರ್ 25ಕ್ಕೆ ಚೌಷೆಸ್ಕುವನ್ನೇ ಗುಂಡಿಟ್ಟು ಕೊಂದ್ರು. ಶಿಕ್ಷೆ ಹಾಗೇ ಬಿದ್ದು ಹೋಯ್ತು. ಬೆಲೊಡೆಡಿಚ್ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಕ್ಲಬ್‌ಗೆ ಆಡ್ತಾ ಇದ್ದ. ಆದ್ರೂ 1990ರ ವರ್ಲ್ಡ್ ಕಪ್ ಅವನಿಗೆ ತಪ್ಪಿಹೋಯ್ತು. ತನ್ನ ದೇಶ ಆಡೋದನ್ನ ಹೊರಗಿನಿಂದ ನೋಡಿದ.

1991ರ ಮೇ 29. ಇಟಲಿಯ ಬಾರಿಯಲ್ಲಿ ಮತ್ತೆ ಯುರೋಪಿಯನ್ ಕಪ್ ಫೈನಲ್. ರೆಡ್ ಸ್ಟಾರ್ ಮತ್ತು ಫ್ರಾನ್ಸಿನ ಮಾರ್ಸೆ. ಮಾರ್ಸೆ ತಂಡದಲ್ಲಿ ಪಾಪಿನ್ ಇದ್ದ, ವಾಡಲ್ ಇದ್ದ, ಅಬೇದಿ ಪೆಲೆ ಇದ್ದ. ಮತ್ತೆ 120 ನಿಮಿಷ. ಮತ್ತೆ 0–0. ಮತ್ತೆ ಪೆನಾಲ್ಟಿ. ಈ ಸಲ ರೆಡ್ ಸ್ಟಾರ್‌ನ ಐದರಲ್ಲಿ ಮೂರನೇ ಒದೆತ ಬೆಲೊಡೆಡಿಚ್‌ನದ್ದು. ಗೋಲು. 5–3ರಲ್ಲಿ ಕಪ್ ಗೆದ್ರು. ಎರಡು ಬೇರೆ ಬೇರೆ ಕ್ಲಬ್‌ಗಳ ಪರವಾಗಿ ಆ ಕಪ್ ಗೆದ್ದ ಆಟಗಾರ ಅವನು.

ಎರಡು ಫೈನಲ್ ಸೇರಿ 240 ನಿಮಿಷ. ಅಷ್ಟೂ ಹೊತ್ತು ಅವನು ಅಂಗಳದಲ್ಲಿದ್ದ. ಎದುರಾಳಿಗಳು ಹೊಡೆದ ಗೋಲು, ಸೊನ್ನೆ.

"ಸೊನ್ನೆ" ಅಂದ್ರು ಮಾವ, ಬಾಯಲ್ಲಿದ್ದ ಎಲೆ ಅಡಿಕೆ ಪಕ್ಕಕ್ಕೆ ತಳ್ಳಿ. "ಸರಿ, ಆ ಪೆನಾಲ್ಟಿದು ಹೇಳು."

1994, ಅಮೆರಿಕಾದಲ್ಲಿ ವರ್ಲ್ಡ್ ಕಪ್. ಬೆಲೊಡೆಡಿಚ್ ಅಷ್ಟೊತ್ತಿಗೆ ಮತ್ತೆ ರೊಮೇನಿಯಾ ತಂಡದಲ್ಲಿದ್ದ, ವಯಸ್ಸು 30. ಹಾಜಿ ಇದ್ದ ತಂಡ ಅದು. ಎರಡನೇ ಸುತ್ತಲ್ಲಿ ಅರ್ಜೆಂಟೀನಾವನ್ನ 3–2 ಸೋಲಿಸಿ ಮನೆಗೆ ಕಳಿಸಿದ್ರು. ಜುಲೈ 10ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಸ್ವೀಡನ್ ಜೊತೆ ಕ್ವಾರ್ಟರ್ ಫೈನಲ್. ರೊಮೇನಿಯಾ ಅಷ್ಟು ದೂರ ಹೋದದ್ದು ಅದೇ ಮೊದಲು, ಅಲ್ಲಿಂದ ಮುಂದೆ ಇವತ್ತಿನ ತನಕ ಹೋಗಿಲ್ಲ. 120 ನಿಮಿಷಕ್ಕೆ 2–2. ಪೆನಾಲ್ಟಿ.

ಸ್ವೀಡನ್‌ನ ಮೊದಲ ಒದೆತವೇ ಹೊರಗೆ ಹೋಯ್ತು. ರೊಮೇನಿಯಾದ ಮೂರೂ ಗೋಲಾದ್ವು. ನಾಲ್ಕನೇದು ಪೆಟ್ರೆಸ್ಕು ಒದ್ದದ್ದನ್ನ ರಾವೆಲ್ಲಿ ತಡೆದ. ಐದೈದು ಮುಗಿದಾಗ 4–4. ಆರನೇದನ್ನ ಸ್ವೀಡನ್‌ಗೆ ಲಾರ್ಸನ್ ಹೊಡೆದ. ಈಗ ರೊಮೇನಿಯಾ ಗೋಲು ಹೊಡೆಯಲೇಬೇಕು. ಬಂದವನು ಬೆಲೊಡೆಡಿಚ್. ಉಳಿದದ್ದು ಆ ವಿಡಿಯೊ.

ಪೆಟ್ರೆಸ್ಕುವಿನದೂ ತಪ್ಪಿತ್ತು, ನೆನಪಿರೋರು ಕಡಿಮೆ. ಅದು ಮಧ್ಯದಲ್ಲಿ ತಪ್ಪಿದ್ದು. ಕೊನೇದು ಬೆಲೊಡೆಡಿಚ್‌ದು.

ಆಟ ತಾನೆ ಅನ್ನಬೇಡಿ. ಅದೇ ವರ್ಲ್ಡ್ ಕಪ್‌ನಲ್ಲಿ ಕೊಲಂಬಿಯಾದ ಡಿಫೆಂಡರ್ ಆಂದ್ರೆಸ್ ಎಸ್ಕೊಬಾರ್ ಅಮೆರಿಕಾ ವಿರುದ್ಧ ಚೆಂಡು ತಡೆಯೋಕೆ ಕಾಲು ಚಾಚಿದಾಗ ಅದು ತನ್ನದೇ ಗೋಲಿನೊಳಗೆ ಹೋಯ್ತು. ಕೊಲಂಬಿಯಾ ಹೊರಬಿತ್ತು. ಎಸ್ಕೊಬಾರ್ ಊರಿಗೆ ವಾಪಸ್ ಬಂದ. ಜುಲೈ 2ರಂದು ಮೆಡೆಲಿನ್‌ನಲ್ಲಿ ಅವನನ್ನ ಗುಂಡು ಹೊಡೆದು ಕೊಂದ್ರು. 27 ವರ್ಷ ಅವನಿಗೆ. ಬೆಲೊಡೆಡಿಚ್ ಪೆನಾಲ್ಟಿ ಒದೆಯೋಕೆ ಬಂದದ್ದು ಅದಾಗಿ ಎಂಟೇ ದಿನಕ್ಕೆ. ಫುಟ್‌ಬಾಲ್ ಆಡೋ ಪ್ರತಿಯೊಬ್ಬನಿಗೂ ಆ ಸುದ್ದಿ ಗೊತ್ತಿದ್ದ ದಿನಗಳವು.

ಮಾವ ವಿಡಿಯೊ ಇನ್ನೊಂದು ಸಲ ಹಾಕಿಸ್ಕೊಂಡು ನೋಡಿದ್ರು. ಆಮೇಲೆ ಕೇಳಿದ್ರು: "ಆಮ್ಯಾಕೆ ಆಡುದ್ನಾ?"

"ಇನ್ನೂ ಏಳು ವರ್ಷ ಆಡಿದ ಮಾವ. ಸ್ಪೇನಲ್ಲಿ, ಮೆಕ್ಸಿಕೊದಲ್ಲಿ. 1998ರಲ್ಲಿ ವಾಪಸ್ ಸ್ಟಿಯಾವಾಗೇ ಬಂದ. ಜೈಲು ಶಿಕ್ಷೆ ಕೊಟ್ಟಿದ್ರಲ್ಲ, ಅದೇ ಊರಿಗೆ, ಅದೇ ಸೈನ್ಯದ ಕ್ಲಬ್‌ಗೆ. 2001ರಲ್ಲಿ ಮತ್ತೆ ಲೀಗ್ ಗೆದ್ದು ನಿಲ್ಲಿಸಿದ. 36ನೇ ವಯಸ್ಸಲ್ಲಿ, 2000ದ ಯುರೋ ಕಪ್‌ಗೂ ರೊಮೇನಿಯಾ ತಂಡದಲ್ಲಿದ್ದ."

ಮಾವ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಕೆಳಗೆ ನದಿಯಲ್ಲಿ ಯಾರೋ ಹುಡುಗರು ಬಂಡೆಯಿಂದ ಬಂಡೆಗೆ ಹಾರ್ತಿದ್ರು. ನೀರು ಕಡಿಮೆ ಇತ್ತು.

"ಅವತ್ತು ನಾಗಮಂಗಲದಲ್ಲಿ ನಾನು ಏಳು ಜನನ್ನ ಹಿಡ್ದಿದ್ದೆ" ಅಂದ್ರು. "ಆ ಆಟದಾಗೆ. ಏಳು. ಎಣಿಸ್ಕೊಂಡಿದೀನಿ. ಎಂಟ್ನೇದು ಜಾರ್ತು."

ನನಗೆ ಈ ಲೆಕ್ಕ ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಕೇಳ್ತಾ ಬಂದ ಕಥೆಯಲ್ಲಿ ಆ ಏಳು ಜನ ಇರಲೇ ಇಲ್ಲ. 27–27 ಅಂತ ಹೇಳ್ತಿದ್ವಿ, ಆ 27ರಲ್ಲಿ ಏಳು ಯಾರದ್ದು ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಮತ್ತೆ ಯಾಕೆ ಆಡೋದು ಬಿಟ್ರಿ? ಅಮ್ಮ ಅಂತಾಳೆ, ಮಂಡಿ ನೋವು ಅಂತ."

"ಮಂಡಿಗೇನಾಗಿತ್ತು, ಚೆನ್ನಾಗೇ ಇತ್ತು" ಅಂದ್ರು. "ಮುಂದಿನ ತಿಂಗ್ಳು ಕಿಕ್ಕೇರಿ ಕಡೆ ಒಂದು ಪಂದ್ಯ ಇತ್ತು. ಹುಡುಗ್ರು ಕರಿಯಕ್ಕೆ ಬಂದಿದ್ರು. ಮಂಡಿ ನೋವು ಅಂದೆ. ಇನ್ನೊಂದ್ಸಲ ಬಂದ್ರು, ಮತ್ತೆ ಅದ್ನೇ ಅಂದೆ. ಆಮೇಲೆ ಅವ್ರೂ ಕರೀಲಿಲ್ಲ. ಇಪ್ಪತ್ತೊಂಬತ್ತು ನಂಗೆ ಆಗ. ಇನ್ನೂ ನಾಲ್ಕೈದು ವರ್ಷ ಆಡ್ಬೋದಿತ್ತು." ಸ್ವಲ್ಪ ತಡೆದು, "ಆಡಿದ್ರೆ, ಜನ ಇನ್ನೇನಾರಾ ಅಂತಿದ್ರೋ ಏನೋ. ನಾನು ಅಲ್ಲಿಗೇ ನಿಲ್ಸ್‌ಬುಟ್ಟೆ. ಅದ್ಕೇ ಅವ್ರೂ ಅಲ್ಲಿಗೇ ನಿಲ್ಸವ್ರೆ" ಅಂದ್ರು.

ನನ್ನ ಮೇಲ್ ಕಳಿಸು ಅಂತಾಗಲಿ, ಕಳಿಸಬೇಡ ಅಂತಾಗಲಿ ಅವರು ಹೇಳಲಿಲ್ಲ. ಎದ್ದು ಪಂಚೆ ಕೊಡವಿಕೊಂಡು, "ನಡಿ, ಕತ್ಲಾಯ್ತದೆ, ಚಿನಕುರಳಿ ಮೇಲೆ ಹೋಗ್ಬೇಕು ನಾನು" ಅಂದ್ರು. ನನ್ನನ್ನ ಪಾಂಡವಪುರದಲ್ಲಿ ಇಳಿಸಿ ಹೋದ್ರು.

ಅವತ್ತು ರಾತ್ರಿ ಡ್ರಾಫ್ಟ್ ತೆಗೆದು ನೋಡಿದೆ. ಅದರಲ್ಲಿ ನಾನು ಬರೆದದ್ದೆಲ್ಲ ಆ 41 ನಿಮಿಷದ ಬಗ್ಗೆ. ಮ್ಯಾನೇಜರ್ ಹಾಗೆ ಮಾತಾಡಿದ್ರು ಅಂತ ಬೇಜಾರು ಮಾಡ್ಕೊಂಡಿದ್ದವನು, ನನ್ನ ಬಗ್ಗೆ ನಾನೇ ಹಾಗೇ ಬರೆದಿದ್ದೆ. ಮೂರೂವರೆ ವರ್ಷದ ಉಳಿದ ರಾತ್ರಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಳಿಸಿದೆ. ಅದರ ಬದಲು ಬೇರೆ ಮೇಲ್ ಬರೆದೆ: ತಪ್ಪು ಹೇಗಾಯ್ತು, ಯಾವ ಸೆಟ್ಟಿಂಗ್ ನೋಡಿರಲಿಲ್ಲ, ಇನ್ನು ಮುಂದೆ ಯಾರೇ ಪಾಳಿಯಲ್ಲಿದ್ರೂ ಅದನ್ನ ನೋಡದೆ ಮುಂದೆ ಹೋಗೋಕೆ ಆಗದ ಹಾಗೆ ಏನು ಮಾಡಬಹುದು. ಕೊನೆಯಲ್ಲಿ, ಮುಂದಿನ ಶುಕ್ರವಾರದ ಪಾಳಿ ನನಗೇ ಇರಲಿ ಅಂತ ಒಂದು ಸಾಲು.

ತಪ್ಪು ತಪ್ಪಲ್ಲ ಅಂತ ನಾನು ಹೇಳ್ತಿಲ್ಲ. 41 ನಿಮಿಷ ಎಷ್ಟೋ ಜನ ಅಂಗಡಿ ಮುಂದೆ, ಪೆಟ್ರೋಲ್ ಬಂಕ್ ಮುಂದೆ ಫೋನ್ ಹಿಡ್ಕೊಂಡು ಮುಜುಗರದಲ್ಲಿ ನಿಂತಿರ್ತಾರೆ. ಅದು ನನ್ನ ಕೈಯಿಂದ ಆದದ್ದು. ಬೆಲೊಡೆಡಿಚ್‌ನ ಒದೆತವೂ ಅಷ್ಟೆ, ಗೋಲಾಗಲಿಲ್ಲ ಅಂದ್ರೆ ಆಗಲಿಲ್ಲ. ಆದ್ರೆ ಲೆಕ್ಕ ಬರೆಯುವಾಗ ಪೂರ್ತಿ ಬರೀಬೇಕು. ತಡೆಯೋ ಕೆಲಸದ ಕಷ್ಟವೇ ಇದು. ಹೊಡೆದದ್ದು ಕಣ್ಣಿಗೆ ಕಾಣುತ್ತೆ, ತಡೆದದ್ದು ಕಾಣಲ್ಲ. ಬೇರೆಯವರಿಗೆ ಕಾಣದೇ ಇದ್ರೆ ಹೋಗ್ಲಿ, ನಮಗೇ ಕಾಣದ ಹಾಗೆ ಆಗಿಬಿಡುತ್ತಲ್ಲ, ಅಲ್ಲಿ ನಾವು ಆಟ ಬಿಟ್ಟು ಬರ್ತೀವಿ.

ನಮ್ಮ ಸುತ್ತ ಇಂಥವರು ಎಷ್ಟು ಜನ ಇದ್ದಾರೆ ನೋಡಿ. ಕೆಆರ್‌ಎಸ್ ಗೇಟ್ ಹತ್ತಿರ ರಾತ್ರಿ ಪಾಳಿ ಮಾಡೋರು, ರೈಲ್ವೆ ಲೈನ್ ಮೇಲೆ ಬೆಳಗಿನ ಜಾವ ನಡ್ಕೊಂಡು ಹಳಿ ನೋಡೋರು, ಆಸ್ಪತ್ರೆಯಲ್ಲಿ ಡ್ರಿಪ್ ಎಣಿಸೋ ನರ್ಸ್‌ಗಳು, ಕರೆಂಟ್ ಕಂಬ ಹತ್ತೋ ಲೈನ್‌ಮನ್‌ಗಳು. ಮನೆಯಲ್ಲಿ ಅಮ್ಮಂದಿರು. ಒಂದು ದಿನ ಸಾರಿಗೆ ಉಪ್ಪು ಜಾಸ್ತಿ ಆದ್ರೆ ಎಲ್ರೂ ಹೇಳ್ತೀವಿ. ಉಪ್ಪು ಸರಿಯಾಗಿದ್ದ ದಿನ ಹೇಳಿದ್ದು ನೆನಪಿದೆಯಾ?

ನನ್ನ ಶುಕ್ರವಾರದ ಪಾಳಿ ಬಂತು. ಕೈ ನಡುಗ್ತಿತ್ತು ಅಂತ ಒಪ್ಕೋತೀನಿ. ಸೆಟ್ಟಿಂಗ್ ಮೂರು ಸಲ ನೋಡಿದೆ. ಹನ್ನೊಂದೂವರೆಗೆ ಬದಲಾವಣೆ ಹಾಕಿದೆ. ಬೆಳಿಗ್ಗೆ ಆರರ ತನಕ ಫೋನ್ ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಯಾರೂ ಥ್ಯಾಂಕ್ಸ್ ಹೇಳಲಿಲ್ಲ, ಹೇಳೋಕೆ ಏನೂ ಆಗಿರಲಿಲ್ಲ. ಪಾಳಿಯ ಪುಸ್ತಕದಲ್ಲಿ "ಎಲ್ಲ ಸರಿ" ಅಂತ ಬರೆದು ಮಲಗಿದೆ.

ಎದ್ದಾಗ ಮಾವನಿಂದ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಬಂದಿತ್ತು. "ಮಗ, ಆ ಬೆಲೊ... ಏನೋ ಅಂದ್ಯಲ್ಲ, ಅವಂದು ವಿಡಿಯೊ ಕಳ್ಸು. ಪೆನಾಲ್ಟಿದು ಬ್ಯಾಡ. ಸೊನ್ನೆ ಅಂದ್ಯಲ್ಲ, ಅದು."

1991ರ ಫೈನಲ್ ಪೂರ್ತಿ ಇದ್ದ ಲಿಂಕ್ ಹುಡುಕಿ ಕಳಿಸಿದೆ. ಫುಟ್‌ಬಾಲ್ ಬಲ್ಲವರು ಅದನ್ನ ಬಹಳ ಬೋರಿಂಗ್ ಫೈನಲ್ ಅಂತಾರೆ, ಅದನ್ನ ಮಾವನಿಗೆ ಹೇಳಲಿಲ್ಲ.

ಭಾನುವಾರ ಸಂಜೆ ಫೋನ್ ಬಂತು.

"ಪೂರ್ತಿ ನೋಡ್ದೆ ಕಣ್ಲಾ. ನಿಮ್ಮತ್ತೆ ಬೈತಾ ಕೂತಿದ್ಲು. ಎರಡು ಗಂಟೆ ಆಯ್ತು, ಅದ್ರಲ್ಲಿ ಏನೂ ಆಗ್ಲೇ ಇಲ್ವಲ್ಲೋ!"

"ಅದೇ ಮಾವ" ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮಾವ ನಗೋಕೆ ಶುರು ಮಾಡಿದ್ರು.